ಬಾಗಿಲು ತೆರೆದವನ ಹೊಣೆ

ಪ್ರಯಾಣಿಕನಿಗೆ ಇಸ್ಲಾಮ್ ನೀಡಿರುವ ಸ್ಥಾನವನ್ನು ನೀವು ಬಲ್ಲಿರಿ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಊರಿನಲ್ಲಿ ಅವನು ಸಿರಿವಂತನೇ ಆಗಿರಲಿ, ದಾರಿಯಲ್ಲಿ ನಿಸ್ಸಹಾಯಕನಾದರೆ ಸಮಾಜದ ಸಂಪತ್ತಿನಲ್ಲಿ ಅವನಿಗೆ ಪಾಲಿದೆ. ಅವನಿಗಾಗಿ ನಮಾಝ್ ಸಂಕ್ಷಿಪ್ತಗೊಂಡಿದೆ, ಉಪವಾಸವನ್ನು ಮುಂದೂಡಲು ಅನುಮತಿಯಿದೆ. ಹೀಗಿರುವಾಗ, ಇಂದು ಪ್ರಯಾಣಿಕನ ದಾರಿಯನ್ನು ನಿರ್ಧರಿಸುವ ಪ್ರವಾಸೋದ್ಯಮ ಸಚಿವನ ಹೊಣೆ ಎಷ್ಟು? ಬಾಗಿಲು ತೆರೆದರೆ ಅವನ ಕರ್ತವ್ಯ ಮುಗಿಯಿತೇ?

ಸೌದಿ ಅರೇಬಿಯಾವನ್ನೇ ನೋಡಿರಿ. ಬಹುಕಾಲ ಆ ದೇಶಕ್ಕೆ ಜನರು ಮುಖ್ಯವಾಗಿ ಹಜ್ಜ್, ಉಮ್ರಾ, ಉದ್ಯೋಗ ಇಲ್ಲವೇ ಬಂಧುಗಳ ಭೇಟಿಗಾಗಿ ಹೋಗುತ್ತಿದ್ದರು. 2019ರ ಸೆಪ್ಟೆಂಬರ್ 27ರಂದು ಅದು 49 ದೇಶಗಳ ಪ್ರಜೆಗಳಿಗೆ ಪ್ರವಾಸಿ ವೀಸಾ ಘೋಷಿಸಿತು. ಆಗ ಪ್ರವಾಸೋದ್ಯಮ ಆಯೋಗದ ಮುಖ್ಯಸ್ಥರಾಗಿದ್ದ ಅಹ್ಮದ್ ಅಲ್ ಖತೀಬ್, 2020ರಲ್ಲಿ ಆಯೋಗವು ಸಚಿವಾಲಯವಾದಾಗ ಅದರ ಸಚಿವರಾದರು. 2030ಕ್ಕೆ ವರ್ಷಕ್ಕೆ 10 ಕೋಟಿ ಭೇಟಿಗಳೆಂಬ ಗುರಿ, ದೇಶದೊಳಗಿನ ಪ್ರವಾಸಿಗರೂ ಸೇರಿದಂತೆ, 2023ರಲ್ಲೇ ಈಡೇರಿತು. ಗುರಿಯನ್ನು 15 ಕೋಟಿಗೆ ಏರಿಸಲಾಯಿತು. ಇದರಿಂದ ಅನೇಕರಿಗೆ ಉಮ್ರಾ ಸುಲಭವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಹಜ್ಜ್‌ಗೆ ಮಾತ್ರ ಪ್ರತ್ಯೇಕ ಪರವಾನಗಿ ಬೇಕೆಂಬ ನಿಯಮ ಉಳಿಯಿತು. ದೇಶದ ಬಾಗಿಲು ಅಗಲವಾಯಿತು, ಮಿನಾದ ಬಾಗಿಲು ಇಕ್ಕಟ್ಟಾಗಿಯೇ ಇತ್ತು.

2024ರ ಹಜ್ಜ್‌ನಲ್ಲಿ ಮಸ್ಜಿದುಲ್ ಹರಾಮ್‌ನ ಬಳಿ ತಾಪಮಾನ 51.8 ಡಿಗ್ರಿ ಮುಟ್ಟಿತು. 1,301 ಮಂದಿ ಮೃತಪಟ್ಟರೆಂದೂ, ಅವರಲ್ಲಿ ಶೇಕಡಾ 83ರಷ್ಟು ಮಂದಿ ಪರವಾನಗಿಯಿಲ್ಲದವರೆಂದೂ ಸೌದಿ ಸರಕಾರವೇ ತಿಳಿಸಿತು. ಪರವಾನಗಿ ಇದ್ದವನಿಗೆ ತಂಪಾದ ಡೇರೆಯಿತ್ತು, ಬಸ್ಸಿತ್ತು. ಇಲ್ಲದವನಿಗೆ ಬಿಸಿಲಿತ್ತು, ಮೈಲುಗಟ್ಟಲೆ ನಡಿಗೆಯಿತ್ತು. ಮೃತರಲ್ಲಿ ಅತಿ ಹೆಚ್ಚಿನವರು ಈಜಿಪ್ಟ್‌ನವರು. ಅಲ್ಲಿ ಅದೇ ಮಾರ್ಚ್‌ನಲ್ಲಿ ಪೌಂಡ್‌ನ ಬೆಲೆ ಕುಸಿದು, ಅಧಿಕೃತ ಹಜ್ಜ್ ಸಾಮಾನ್ಯರ ಕೈಗೆ ಎಟುಕದಂತಾಗಿತ್ತು. ಕಡಿಮೆ ಹಣಕ್ಕೆ ಸಂದರ್ಶನ ವೀಸಾದಲ್ಲಿ ಕರೆದೊಯ್ಯುವ ಏಜೆಂಟರು ಆ ಕೊರತೆಯನ್ನು ವ್ಯಾಪಾರವಾಗಿಸಿದರು. ಸಾವುಗಳ ಬಳಿಕ ಈಜಿಪ್ಟ್‌ನ ಪ್ರಧಾನಿ 16 ಪ್ರವಾಸ ಕಂಪೆನಿಗಳ ಪರವಾನಗಿ ರದ್ದುಪಡಿಸಲು ಆದೇಶಿಸಿದರು.

ಈಗ ಹೇಳಿರಿ, ಈ ಸಾವುಗಳಿಗೆ ಉತ್ತರದಾಯಿ ಯಾರು?

ಯಾತ್ರಿಕನೇ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಸಾಮರ್ಥ್ಯವುಳ್ಳವನ ಮೇಲೆ ಮಾತ್ರ ಹಜ್ಜ್ ಕಡ್ಡಾಯ. ಪರವಾನಗಿ ಸಿಗದವನ ಮೇಲೆ ಅಲ್ಲಾಹನು ಹೊರಿಸದ ಹೊರೆಯನ್ನು ಅವನೇ ಹೊತ್ತುಕೊಳ್ಳಬೇಕಿಲ್ಲ. ಇಹ್ರಾಮ್ ಉಟ್ಟು ಸುಳ್ಳು ಹೇಳುವುದು ಭಕ್ತಿಯಲ್ಲ. ಆದರೆ ಎಲ್ಲ ಯಾತ್ರಿಕರೂ ತಿಳಿದೇ ಹೊರಟವರೇ? ಕಾಗದದ ಭಾಷೆ ಅರಿಯದ ವೃದ್ಧನಿಗೆ "ಎಲ್ಲವೂ ಸರಿಯಿದೆ" ಎಂದವನು ಅಮಾನತ್‌ಗೆ ದ್ರೋಹ ಬಗೆದನು. ಅವನ ಪಾಪ ಯಾತ್ರಿಕನ ತಪ್ಪಿಗಿಂತ ದೊಡ್ಡದು.

ಇನ್ನು ಅಧಿಕಾರಸ್ಥನ ಮಾತು. ತನ್ನ ಆಡಳಿತದಲ್ಲಿ ದೂರದ ನದಿ ದಡದಲ್ಲೊಂದು ಪ್ರಾಣಿ ಎಡವಿದರೂ, ದಾರಿಯನ್ನೇಕೆ ಸಮತಟ್ಟುಗೊಳಿಸಲಿಲ್ಲವೆಂದು ತನ್ನನ್ನು ಪ್ರಶ್ನಿಸಲಾದೀತೆಂದು ಖಲೀಫ ಉಮರ್(ರ) ಅಂಜುತ್ತಿದ್ದರೆಂದು ಹೇಳಲಾಗುತ್ತದೆ. ಕಂಪೆನಿಗೆ ಪರವಾನಗಿ ಕೊಡುವವನು ಅದರ ನಡತೆಯನ್ನೂ ಗಮನಿಸಬೇಕು. ಹೆಣಗಳನ್ನು ಎಣಿಸಿದ ಮೇಲೆ ರದ್ದುಪಡಿಸುವುದು ಶಿಕ್ಷೆಯಾದೀತೇ ಹೊರತು ರಕ್ಷಣೆಯಾಗದು. 2025ರಲ್ಲಿ ಸೌದಿ ಪ್ರವಾಸೋದ್ಯಮ ಸಚಿವಾಲಯವು ಹಜ್ಜ್ ಮುಗಿಯುವ ತನಕ, ಹಜ್ಜ್ ಪರವಾನಗಿ ಇಲ್ಲದವರಿಗೆ ಮಕ್ಕಾದ ಹೋಟೆಲುಗಳಲ್ಲಿ ತಂಗಲು ಅವಕಾಶ ಕೊಡಬಾರದೆಂದು ವಿಧಿಸಿತು. ಜನರನ್ನು ಮೊದಲೇ ತಡೆಯುವುದಾದರೆ ಇದು ಒಳ್ಳೆಯದೇ. ಲಕ್ಷಾಂತರ ಜನ ಸೇರುವಲ್ಲಿ ಶಿಸ್ತಿಲ್ಲದಿದ್ದರೆ ಪರವಾನಗಿ ಪಡೆದವನ ಜೀವಕ್ಕೂ ಅಪಾಯ. ಆದರೆ ಒಂದು ಮಾತನ್ನು ಮರೆಯಬಾರದು. ಪರವಾನಗಿಯು ಪ್ರವೇಶದ ಹಕ್ಕನ್ನು ತೀರ್ಮಾನಿಸಬಹುದು, ನೀರಿನ ಹಕ್ಕನ್ನಲ್ಲ. ನಿಯಮ ಮುರಿದು ಒಳಬಂದವನನ್ನು ದಂಡಿಸಿರಿ, ಊರಿಗೆ ಕಳುಹಿಸಿರಿ. ಆದರೆ ಬಿಸಿಲಲ್ಲಿ ಬಿದ್ದವನ ಬಾಯಿಗೆ ನೀರು ಹಾಕುವ ಮೊದಲು ಅವನ ಕಾಗದ ಕೇಳಬೇಡಿರಿ. ಬಾಯಾರಿದ ನಾಯಿಗೆ ನೀರುಣಿಸಿದವರಿಗೂ ಕ್ಷಮೆಯಿದೆಯೆಂದು ಕಲಿಸಿದ ಧರ್ಮ ನಮ್ಮದು.

ಸಚಿವನ ನೀತಿಯನ್ನು ಬಂದವರ ಸಂಖ್ಯೆಯಿಂದ ಅಳೆಯುವುದು ಲೋಕದ ರೀತಿ. ಬಂದವರಲ್ಲಿ ಅತ್ಯಂತ ದುರ್ಬಲನು ಸುರಕ್ಷಿತವಾಗಿ ಮನೆ ಸೇರಿದನೇ ಎಂಬುದೇ ನಿಜವಾದ ಅಳತೆ.

ಪ್ರಿಯ ಓದುಗರೇ, ಸಚಿವರನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ತಂದೆತಾಯಿಯನ್ನು ಯಾತ್ರೆಗೆ ಕಳುಹಿಸುವಾಗ ಹಣ ಕೊಡುವ ಮೊದಲು ವೀಸಾ ಯಾವುದೆಂದು ಓದಿ ನೋಡುವುದು ನಿಮ್ಮ ಕೈಯಲ್ಲಿದೆ. ಹಜ್ಜ್ ಸಮಿತಿಯ ಅಥವಾ ನೋಂದಾಯಿತ ಸಂಸ್ಥೆಯ ಮೂಲಕವೇ ಹೋಗಿರಿ. ಅವಕಾಶ ಸಿಗದಿದ್ದರೆ ಕಾಯಿರಿ. ಕಾಯುತ್ತಾ ಮರಣ ಹೊಂದಿದವನ ನಿಯ್ಯತ್ತನ್ನು ಅಲ್ಲಾಹನು ಬಲ್ಲನು. ನಮ್ಮ ಯಾತ್ರಿಕರನ್ನು ಅವನು ಕಾಪಾಡಲಿ, ದಾರಿಯ ಹೊಣೆ ಹೊತ್ತವರಿಗೆ ದೇವಭಯವನ್ನು ಕರುಣಿಸಲಿ. ಆಮೀನ್.