ಸಹಿ ಮಾಡುವ ಮುನ್ನ ಒಮ್ಮೆ ನೋಡಿ

🙏 ನಮೋ ಬುದ್ಧಾಯ 🙏

*ಇಂದಿನ ಧಮ್ಮ ಚಿಂತನೆ*



ಇವತ್ತು ಒಂದು ಆಟದ ಕಥೆಯಿಂದ ಶುರು ಮಾಡುತ್ತೇನೆ. ನಾನು ಗಾಲ್ಫ್ ಕೋಲು ಹಿಡಿದವನಲ್ಲ. ಆದರೆ ಈ ಕಥೆ ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

1957ರ ಜೂನ್ ತಿಂಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಂಗ್ಡ್ ಫುಟ್ ಕ್ಲಬ್ಬಿನಲ್ಲಿ ಮಹಿಳೆಯರ ಯು.ಎಸ್. ಓಪನ್ ಗಾಲ್ಫ್ ಪಂದ್ಯ. ಹವಾಯಿ ದ್ವೀಪದ ಜ್ಯಾಕಿ ಪಂಗ್ ಎಂಬ ಆಟಗಾರ್ತಿ ನಾಲ್ಕು ಸುತ್ತು ಮುಗಿಸಿದಾಗ ಒಟ್ಟು 298 ಹೊಡೆತ. ಬೆಟ್ಸಿ ರಾಲ್ಸ್ ಅವರದು 299. ಗಾಲ್ಫಿನಲ್ಲಿ ಕಡಿಮೆ ಹೊಡೆತದವರೇ ಗೆದ್ದಂತೆ. 1953ರಲ್ಲಿ ಇದೇ ಪ್ರಶಸ್ತಿಗೆ ಇದೇ ರಾಲ್ಸ್ ಎದುರು ಪಂಗ್ ಸೋತಿದ್ದರು. ಈಗ ಒಂದೇ ಒಂದು ಹೊಡೆತದಿಂದ ಗೆದ್ದರು ಎಂದು ಎಲ್ಲರೂ ಅಂದುಕೊಂಡರು.

ಗೆಲುವು ಉಳಿಯಲಿಲ್ಲ.

ಗಾಲ್ಫಿನಲ್ಲಿ ಒಂದು ಪದ್ಧತಿ ಇದೆ. ನಮ್ಮ ಲೆಕ್ಕವನ್ನು ಜೊತೆಯಲ್ಲಿ ಆಡುವವರು ಬರೆಯುತ್ತಾರೆ, ಅವರದನ್ನು ನಾವು ಬರೆಯುತ್ತೇವೆ. ಕೊನೆಗೆ ನಮ್ಮ ಕಾರ್ಡನ್ನು ನಾವೇ ಕುಳಿ ಕುಳಿಗೂ ಪರೀಕ್ಷಿಸಿ ಸಹಿ ಹಾಕಬೇಕು. ಕೊನೆಯ ಸುತ್ತಿನಲ್ಲಿ ಪಂಗ್ ಜೊತೆ ಆಡಿದವರು ಬೆಟ್ಟಿ ಜೇಮ್ಸನ್, 1947ರಲ್ಲಿ ಇದೇ ಪ್ರಶಸ್ತಿ ಗೆದ್ದಿದ್ದ ಅನುಭವಿ. ನಾಲ್ಕನೆಯ ಕುಳಿಯಲ್ಲಿ ಇಬ್ಬರಿಗೂ ಆರಾರು ಹೊಡೆತ ಬೇಕಾಗಿತ್ತು. ಜೇಮ್ಸನ್ ಪಂಗ್ ಅವರಿಗೆ 5 ಎಂದು ಬರೆದರು. ಪಂಗ್ ಕೂಡ ಜೇಮ್ಸನ್‌ಗೆ 5 ಎಂದೇ ಬರೆದರು! ಇಬ್ಬರೂ ಸಹಿ ಮಾಡಿಬಿಟ್ಟರು. ಕಾರ್ಡಿನಲ್ಲಿ ಪಂಗ್ ಅವರ ಆ ಸುತ್ತಿನ ಮೊತ್ತ 72 ಅಂತ ಸರಿಯಾಗಿಯೇ ಇತ್ತು. ಆದರೆ ನಿಯಮ ನೋಡುವುದು ಮೊತ್ತವನ್ನಲ್ಲ, ಪ್ರತಿ ಕುಳಿಯ ಅಂಕೆಯನ್ನು. ಇದ್ದದ್ದಕ್ಕಿಂತ ಕಡಿಮೆ ಅಂಕೆಗೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ. ಇಬ್ಬರೂ ಅನರ್ಹರಾದರು. ಪ್ರಶಸ್ತಿ ರಾಲ್ಸ್ ಅವರ ಪಾಲಾಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲೋಣ. ಪಂಗ್ ಮೋಸ ಮಾಡಿದರೇ? ಖಂಡಿತ ಇಲ್ಲ. ಚೇತನವೇ, ಅಂದರೆ ಉದ್ದೇಶವೇ ಕಮ್ಮ ಎಂದು ಭಗವಾನ್ ಬುದ್ಧರು ತಿಳಿಸಿದ್ದಾರೆ. ಅಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಹಾಗಾದರೆ ಏನೂ ಆಗಬಾರದಿತ್ತಲ್ಲ? ಆಯಿತು. ಉದ್ದೇಶ ಶುದ್ಧವಿದ್ದರೂ ಎಚ್ಚರ ತಪ್ಪಿದರೆ ಅದರ ಪರಿಣಾಮ ಬಂದೇ ಬರುತ್ತದೆ. ಆದ್ದರಿಂದಲೇ ಬುದ್ಧರು ತಮ್ಮ ಕೊನೆಯ ಗಳಿಗೆಯಲ್ಲೂ ಭಿಕ್ಖುಗಳಿಗೆ ನೆನಪಿಸಿದ್ದು ಅಪ್ಪಮಾದವನ್ನು, ಎಚ್ಚರವನ್ನು.

ಈಗ ನನ್ನ ಮಾತಿಗೆ ಬರುತ್ತೇನೆ.

ನಾನು ನೌಕರಿಯಲ್ಲಿದ್ದಾಗ ವಿಧವಾ ವೇತನದ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಒಬ್ಬ ಅಜ್ಜಿಯ ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಎರಡು ಅಂಕೆ ಅದಲು ಬದಲು ಬರೆದಿದ್ದೆ. ನಾನೇ ಬರೆದದ್ದು, ನಾನೇ ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಿದ್ದು. ಮೂರು ತಿಂಗಳು ಅವರಿಗೆ ಹಣ ಬರಲಿಲ್ಲ. ಬಂದು ಕೇಳಿದರು. ಅಷ್ಟರಲ್ಲಿ ತಪ್ಪು ನನಗೆ ಗೊತ್ತಾಗಿತ್ತು. ಆದರೂ, "ನಮ್ಮದೇನೂ ಇಲ್ಲ ತಾಯಿ, ಬ್ಯಾಂಕಿನವರದ್ದು, ಅಲ್ಲೇ ಕೇಳಿ" ಅಂದೆ. ಆಮೇಲೆ ಯಾರಿಗೂ ಹೇಳದೆ ಸರಿಪಡಿಸಿದೆ. ಹಣ ಬಂತು. "ಬೇಕಂತ ಮಾಡಿದ್ದಲ್ಲವಲ್ಲ" ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಪಂಗ್ ಅವರ ಕಥೆ ಓದಿದಾಗ ಆ ಸಮಾಧಾನ ಹೋಯಿತು. ಅಂಕೆ ತಪ್ಪಿದ್ದು ಬೇಕಂತ ಅಲ್ಲ, ನಿಜ. ಬ್ಯಾಂಕಿನ ಮೇಲೆ ಹಾಕಿದ್ದು? ಅದು ಬೇಕಂತಲೇ. ಮೊದಲನೆಯದು ಮರೆವು, ಎರಡನೆಯದು ಸುಳ್ಳು. ಮೊದಲನೆಯದರ ನೆರಳಿನಲ್ಲಿ ಎರಡನೆಯದನ್ನು ಬಚ್ಚಿಟ್ಟಿದ್ದೆ.

ಬುದ್ಧರು ಮಗ ರಾಹುಲನಿಗೆ ಒಂದು ಕನ್ನಡಿಯ ಉದಾಹರಣೆ ಕೊಡುತ್ತಾರೆ. ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ಹಾಗೆ, ಕೆಲಸ ಮಾಡುವ ಮೊದಲು, ಮಾಡುವಾಗ, ಮಾಡಿದ ನಂತರ, ಮೂರು ಸಲ ನೋಡಿಕೋ ಎನ್ನುತ್ತಾರೆ. ಆಡಿದ ಮಾತಿನಲ್ಲಿ ತಪ್ಪು ಕಂಡರೆ ಬಲ್ಲವರ ಮುಂದೆ ತೆರೆದಿಡು, ಮುಂದೆ ಎಚ್ಚರವಾಗಿರು ಎನ್ನುತ್ತಾರೆ. ನಾನು ಮೊದಲೂ ನೋಡಲಿಲ್ಲ, ನಂತರ ಕಂಡರೂ ತೆರೆದಿಡಲಿಲ್ಲ.

ಕಳೆದ ಭಾನುವಾರ ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲೇ ಅಂದಿದ್ರೆ ನಾಕು ಸಲ ಬ್ಯಾಂಕಿಗೆ ಹೋದ ಬಸ್ ಚಾರ್ಜಾದ್ರೂ ಉಳೀತಿತ್ತಲ್ಲ ಸ್ವಾಮಿ" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ನಾಲ್ಕು ಪ್ರಯಾಣಗಳು ನನ್ನ ಮರೆವಿನಿಂದ ಆದದ್ದಲ್ಲ, ನನ್ನ ಸುಳ್ಳಿನಿಂದ ಆದದ್ದು. ಒಳಗೆ ಕರೆದು ಕಾಫಿ ಕೊಟ್ಟರು. ಕುಡಿದು ಬಂದೆ.

ಪಂಗ್ ಅವರ ಕಥೆಗೂ ಇನ್ನೊಂದು ತುದಿ ಇದೆ. ಅಂದು ನಿಯಮವನ್ನು ಯಾರೂ ಸಡಿಲಿಸಲಿಲ್ಲ. ಆದರೆ ಕ್ಲಬ್ಬಿನ ಸದಸ್ಯರು, ಅಲ್ಲಿ ನೆರೆದಿದ್ದವರು ಕೈಯಿಂದ ಕೈಗೆ ಹಣ ಕೂಡಿಸಿ ಸುಮಾರು 3,000 ಡಾಲರ್ ಅವರಿಗೆ ಕೊಟ್ಟರು. ಮೊದಲ ಬಹುಮಾನವೇ 1,800 ಡಾಲರ್ ಇತ್ತು. ತಪ್ಪನ್ನು ತಪ್ಪು ಎಂದೇ ಕರೆದು, ತಪ್ಪಿದವರ ಕೈ ಹಿಡಿಯುವುದು ಕರುಣೆ. ಆ ಅಜ್ಜಿಯ ಕಾಫಿಯೂ ಅದೇ.

*ಇಂದಿನ ಅಭ್ಯಾಸ:*
ಸಹಿ ಮಾಡುವ ಮುನ್ನ, ಮೆಸೇಜ್ ಕಳಿಸುವ ಮುನ್ನ ಮೂರು ಉಸಿರು ನಿಂತು ನೋಡೋಣ. ರಾತ್ರಿ ಮಲಗುವಾಗ, "ದಿನ ಒಟ್ಟಾರೆ ಚೆನ್ನಾಗಿತ್ತು" ಎಂದು ಮೊತ್ತ ಮಾತ್ರ ನೋಡದೆ ಒಂದೊಂದು ಗಳಿಗೆಯನ್ನೂ ನೋಡೋಣ. ತಪ್ಪು ಕಂಡರೆ, ಯಾರಿಗೆ ತೊಂದರೆ ಆಯಿತೋ ಅವರಿಗೇ ನಾಳೆ ಹೇಳೋಣ. ತಡಮಾಡಿದಷ್ಟೂ ಇನ್ನೊಬ್ಬರು ಬಸ್ ಚಾರ್ಜು ತೆರುತ್ತಿರುತ್ತಾರೆ.

ಸರ್ವರೂ ಎಚ್ಚರದಿಂದಿರಲಿ, ಸರ್ವರೂ ಸುಖವಾಗಿರಲಿ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು! 🪷