ದಾರಿಗೆ ಗಂಟು ಕಟ್ಟುವಾಗ

ವಾಚನಗಳು: ಮಾರ್ಕ 6:7-13, ಲೂಕ 10:25-37



ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಆರೋಗ್ಯಮಾತೆಯ ಹಬ್ಬದ ಧ್ವಜ ಏರುತ್ತದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಅಷ್ಟು ದಿನವೂ ನಾಡಿನ ನಾಲ್ಕೂ ಕಡೆಯಿಂದ ಭಕ್ತರು ಆ ಕಡಲ ತೀರಕ್ಕೆ ಹರಿದು ಬರುತ್ತಾರೆ. ನಮ್ಮ ತಾಳವಾಡಿ ಬೆಟ್ಟದ ಸೀಮೆಯಿಂದ ಹಿರಿಯರು ಬಸ್ಸಿನಲ್ಲೋ ವ್ಯಾನಿನಲ್ಲೋ ಹೋದರೆ, ಯುವಕರು ಬೈಕಿನಲ್ಲೇ ಹೋಗಬೇಕೆನ್ನುತ್ತಾರೆ. ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಈರೋಡು, ಕರೂರು, ತಿರುಚಿನಾಪಳ್ಳಿ, ತಂಜಾವೂರು, ನಾಗಪಟ್ಟಣ ದಾಟಿ ಸುಮಾರು 400 ಕಿಲೋಮೀಟರ್ ದಾರಿ.

ಹೊರಡುವ ಮನೆಗಳಲ್ಲಿ ಈಗ ಒಂದೇ ಮಾತು: ಏನು ಕಟ್ಟಿಕೊಳ್ಳುವುದು, ಏನು ಬಿಡುವುದು? ಅವ್ವಂದಿರ ಮನಸ್ಸಿನಲ್ಲಿ ಇನ್ನೊಂದು ಮಾತಿದೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ: ಹೋದ ಮಗ ಹೋದ ಹಾಗೆಯೇ ಬರುತ್ತಾನೆಯೇ? ಈ ಎರಡು ಮಾತುಗಳನ್ನೂ ಇಂದು ದೇವರ ವಾಕ್ಯದ ಮುಂದೆ ಇಟ್ಟು ನೋಡೋಣ.

ಗಂಟಿನ ವಿಷಯ ಯೇಸುಸ್ವಾಮಿಗೆ ಸಣ್ಣದಾಗಿರಲಿಲ್ಲ. ಹನ್ನೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಏನು ಒಯ್ಯಬೇಕು, ಏನು ಒಯ್ಯಬಾರದು ಎಂದು ಅವರು ಒಂದೊಂದಾಗಿ ಹೇಳಿದರು. ಕೈಯಲ್ಲೊಂದು ಕೋಲು, ಕಾಲಿಗೆ ಕೆರ, ಅಷ್ಟೇ. ರೊಟ್ಟಿ ಬೇಡ, ಜೋಳಿಗೆ ಬೇಡ, ಸೊಂಟದಲ್ಲಿ ಕಾಸು ಬೇಡ, ಎರಡನೆಯ ಅಂಗಿಯೂ ಬೇಡ. ಮತ್ತಾಯ ಮತ್ತು ಲೂಕರ ಶುಭಸಂದೇಶಗಳಲ್ಲಿ ಆ ಕೋಲಿಗೂ ಅನುಮತಿಯಿಲ್ಲ. ಹೋದ ಊರಿನಲ್ಲಿ ಯಾರಾದರೂ ಬಾಗಿಲು ತೆರೆದಾರು, ದೇವರು ಊಟಕ್ಕೆ ದಾರಿ ತೋರಿಸಿಯಾರು ಎಂಬ ಭರವಸೆಯೇ ಅವರ ಗಂಟು.

ಇಷ್ಟನ್ನೇ ಓದಿದರೆ, ಏನನ್ನೂ ಕಟ್ಟಿಕೊಳ್ಳದೆ ಹೊರಡುವುದೇ ವಿಶ್ವಾಸ ಎಂದು ಅನಿಸಬಹುದು. ಲೂಕರ ಶುಭಸಂದೇಶದ 22ನೆಯ ಅಧ್ಯಾಯವನ್ನೂ ಓದಬೇಕು. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರನ್ನು ಕೇಳುತ್ತಾರೆ: ಅಂದು ಬರಿಗೈಯಲ್ಲಿ ಕಳುಹಿಸಿದೆನಲ್ಲ, ಏನಾದರೂ ಕಡಿಮೆಯಾಯಿತೇ? ಇಲ್ಲ ಎನ್ನುತ್ತಾರೆ ಅವರು. ಹಾಗಾದರೆ ಈಗ ಹಣದ ಚೀಲ ಇದ್ದವನು ತೆಗೆದುಕೊಳ್ಳಲಿ, ಜೋಳಿಗೆಯನ್ನೂ ತೆಗೆದುಕೊಳ್ಳಲಿ ಎನ್ನುತ್ತಾರೆ ಅದೇ ಸ್ವಾಮಿ. ಬಿಡು ಎಂದವರೂ ಅವರೇ, ಹಿಡಿ ಎಂದವರೂ ಅವರೇ. ಗಂಟು ದೊಡ್ಡದೋ ಸಣ್ಣದೋ ಎಂಬುದನ್ನು ಅವರು ಮುಖ್ಯ ಮಾಡಲಿಲ್ಲ. ಯಾವ ದಾರಿಗೆ, ಯಾವ ಕೆಲಸಕ್ಕೆ ಎಂಬುದನ್ನು ನೋಡಿದರು.

ಆದ್ದರಿಂದ ನಮ್ಮ ಯುವಕರಿಗೆ ಮೊದಲು ಹೇಳಬೇಕಾದದ್ದು ಇದು. ಹೆಲ್ಮೆಟ್ ಹಾಕದೆ, ಸವೆದ ಟೈರು ಬದಲಿಸದೆ, ಅಮ್ಮ ನೋಡಿಕೊಳ್ಳುತ್ತಾಳೆ ಬಿಡು ಎಂದು ಹೊರಡುವುದು ವಿಶ್ವಾಸವಲ್ಲ. ದೇವಾಲಯದ ಶಿಖರದ ಮೇಲೆ ಸೈತಾನನು ಯೇಸುಸ್ವಾಮಿಗೆ ಹೇಳಿದ್ದೂ ಇಂಥದೇ ಮಾತು: ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ. ಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ಬೇರೆ, ನಂಬುವುದು ಬೇರೆ. ಹೆಲ್ಮೆಟ್ ಓಡಿಸುವವನ ತಲೆಗೂ ಇರಲಿ, ಹಿಂದೆ ಕುಳಿತವರ ತಲೆಗೂ ಇರಲಿ. ಕಾನೂನೂ ಇಬ್ಬರಿಗೂ ಅದನ್ನೇ ಹೇಳುತ್ತದೆ.

ಇನ್ನು ಭಾರದ ಮಾತು. ದೂರ ಪ್ರಯಾಣ ಮಾಡಿದವರಿಗೆ ಇದು ಗೊತ್ತು: ಬೈಕಿನಲ್ಲಿ ಎಷ್ಟು ಸಾಮಾನು ಇದೆ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದೂ ಮುಖ್ಯ. ಭಾರದ ವಸ್ತು ಕೆಳಗೆ ಇರಬೇಕು, ಬೈಕಿನ ನಡುವಿಗೆ ಹತ್ತಿರ ಇರಬೇಕು, ಎಡಕ್ಕೂ ಬಲಕ್ಕೂ ಸಮವಾಗಿರಬೇಕು. ಅದೇ ಭಾರವನ್ನು ಹಿಂದೆ ಎತ್ತರಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗುತ್ತದೆ, ಹ್ಯಾಂಡಲ್ ಓಲಾಡುತ್ತದೆ. ನೇರ ರಸ್ತೆಯಲ್ಲಿ ಅದು ತಿಳಿಯದಿದ್ದರೂ ಘಾಟಿಯ ತಿರುವಿನಲ್ಲಿ ತಿಳಿಯುತ್ತದೆ. ಪ್ರತಿ ಬೈಕಿಗೂ ಹೊರುವ ಭಾರಕ್ಕೆ ಒಂದು ಮಿತಿ ಇದೆ. ಓಡಿಸುವವನು, ಹಿಂದೆ ಕುಳಿತವನು, ಚೀಲಗಳು ಎಲ್ಲವೂ ಸೇರಿ ಆ ಲೆಕ್ಕ. ಭಾರ ಏರಿದಾಗ ಟೈರಿನ ಗಾಳಿಯನ್ನೂ ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಏರಿಸಬೇಕು. ಕಟ್ಟಿದ ಹಗ್ಗದ ತುದಿ ಜೋತಾಡುತ್ತಿದ್ದರೆ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಆಗ ಒಂದು ಗೇಣು ಹಗ್ಗ ಸಾಕು, ಬೈಕನ್ನು ಕೆಡವಲು.

ನಾವು ಹೊತ್ತಿರುವ ಭಾರಕ್ಕೂ ಈ ನಿಯಮ ಸಲ್ಲುತ್ತದೆ. ವೇಳಾಂಗಣಿಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಬ್ಬನ ಅವ್ವ ಕಾಯಿಲೆ ಬಿದ್ದಿದ್ದಾಳೆ, ಒಬ್ಬನಿಗೆ ಕೆಲಸ ಸಿಕ್ಕಿಲ್ಲ, ಒಬ್ಬ ದಂಪತಿಗೆ ಮಗುವಿಲ್ಲ, ಒಬ್ಬನ ಹೊಲದ ಸಾಲ ತೀರಿಲ್ಲ. ಹರಕೆ ಎಂಬುದು ಭಾರದ ವಸ್ತು. ಅದನ್ನು ಕೆಳಗೆ, ನಡುವೆ, ಎದೆಗೆ ಹತ್ತಿರ ಇಟ್ಟುಕೊಂಡರೆ ಅದೇ ನಮ್ಮನ್ನು ರಸ್ತೆಯ ಮೇಲೆ ಸ್ಥಿರವಾಗಿ ಇರಿಸುತ್ತದೆ. ಎಲ್ಲರಿಗೂ ಕಾಣಲಿ ಎಂದು ಎತ್ತರಕ್ಕೆ ಕಟ್ಟಿದರೆ, ಯಾರು ಎಷ್ಟು ಗಂಟೆಯಲ್ಲಿ ತಲುಪಿದರು ಎಂಬ ಪಂದ್ಯ, ಓಡುವ ಬೈಕಿನ ಮೇಲಿಂದಲೇ ವಿಡಿಯೋ, ಅದಾದ ಮೇಲೆ ಜಂಬ. ಅಲ್ಲಿಗೆ ಯಾತ್ರೆ ಓಲಾಡತೊಡಗುತ್ತದೆ. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯ ಓಟಗಾರನಿಗೆ ಭಾರವನ್ನು ಕಳಚಿಡಲು ಹೇಳುವುದು ಇದಕ್ಕೇ. ಮನೆಯಲ್ಲಿ ಅಣ್ಣನೊಡನೆ ಜಗಳವಾಡಿ ಮಾತು ಬಿಟ್ಟಿದ್ದರೆ, ಹೊರಡುವ ಮುನ್ನ ಅವನೊಡನೆ ಮಾತಾಡಿ. ಪಾಪನಿವೇದನೆ ಮಾಡಿ. ಕೆಲವು ಗಂಟುಗಳನ್ನು 400 ಕಿಲೋಮೀಟರ್ ಹೊತ್ತೊಯ್ಯುವ ಅಗತ್ಯವೇ ಇಲ್ಲ, ಇಲ್ಲೇ ಇಳಿಸಬಹುದು.

ದಾವೀದನು ಗೊಲ್ಯಾತನೆದುರು ಹೊರಟಾಗ ಅರಸ ಸೌಲನು ತನ್ನ ಕವಚವನ್ನೇ ತೊಡಿಸಿದ. ದಾವೀದ ಅದನ್ನು ಕಳಚಿಟ್ಟ. ರೂಢಿಯಿಲ್ಲದ ಕವಚದಲ್ಲಿ ಅವನಿಗೆ ನಡೆಯಲಾಗಲಿಲ್ಲ. ಹೊಸ ಶೂ, ಹೊಸ ರೇನ್‌ಕೋಟು, ಗೆಳೆಯನಿಂದ ತಂದ ದೊಡ್ಡ ಚೀಲ ಇವನ್ನು ಹೊರಡುವ ಬೆಳಗ್ಗೆಯೇ ಮೊದಲ ಬಾರಿ ಹಾಕಬೇಡಿ. ಒಂದು ವಾರ ಮುಂಚೆ, ಒಯ್ಯಬೇಕೆಂದಿರುವುದನ್ನೆಲ್ಲ ಕಟ್ಟಿಕೊಂಡು ಸತ್ಯಮಂಗಲದವರೆಗೆ ಇಳಿದು ಹತ್ತಿ ಬನ್ನಿ. ಯಾವುದು ಜಾರುತ್ತದೆ, ಯಾವುದು ಬೇಡ ಎಂದು ಆ ಘಾಟಿಯೇ ಕಲಿಸುತ್ತದೆ.

ಬೇಕಾದ ಸಣ್ಣ ವಸ್ತುಗಳನ್ನು ಮಾತ್ರ ಮರೆಯಬಾರದು. ಪಂಕ್ಚರ್ ಸಾಮಾನು, ಟ್ಯೂಬ್ ಇರುವ ಟೈರಾದರೆ ಒಂದು ಹೆಚ್ಚಿನ ಟ್ಯೂಬ್, ಕ್ಲಚ್ ಕೇಬಲ್, ಫ್ಯೂಸ್, ಚೈನಿಗೆ ಎಣ್ಣೆ, ಟಾರ್ಚು. ಲೈಸೆನ್ಸು, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ, ಇವು ನೀರು ತಾಗದ ಹಾಗೆ ಪ್ಲಾಸ್ಟಿಕ್ಕಿನೊಳಗೆ. ಮದುಮಗನ ದಾರಿ ಕಾದ ಹತ್ತು ಕನ್ಯೆಯರಲ್ಲಿ ಐವರು ಜಾಣೆಯರು ದೀಪದ ಜೊತೆಗೆ ಎಣ್ಣೆಯನ್ನೂ ತಂದಿದ್ದರು. ತಡವಾದಾಗ ಉಳಿದ ಐವರು ಕೇಳಿದರು, ಇವರು ಕೊಡಲಾಗಲಿಲ್ಲ. ಕೇಬಲ್ಲನ್ನು ಗೆಳೆಯ ಕೊಟ್ಟಾನು, ಟ್ಯೂಬನ್ನು ಕೊಟ್ಟಾನು. ನಿದ್ದೆಯನ್ನು ಯಾರೂ ಸಾಲ ಕೊಡಲಾರರು. ಹಿಂದಿನ ರಾತ್ರಿಯ ನಿದ್ದೆ, ಕುಡಿಯದ ಬಾಯಿ, ನಿಲ್ಲಬೇಕಾದಾಗ ನಿಲ್ಲುವ ತಾಳ್ಮೆ, ಇವು ಪ್ರತಿಯೊಬ್ಬನೂ ತಾನೇ ತುಂಬಿಕೊಂಡು ಬರಬೇಕಾದ ಎಣ್ಣೆ. ನಮ್ಮ ಘಾಟಿಯ ದಾರಿ ಹುಲಿ ಸಂರಕ್ಷಿತ ಕಾಡಿನ ನಡುವೆ ಇದೆ, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಕು ಹರಿದ ಮೇಲೆಯೇ ಹೊರಡಿ, ಕತ್ತಲಾಗುವ ಮೊದಲೇ ಎಲ್ಲಾದರೂ ತಂಗಿ.

ಈಗ ಇಂದಿನ ಎರಡನೆಯ ವಾಚನಕ್ಕೆ ಬರೋಣ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯೂ ಒಂದು ಘಾಟಿಯ ದಾರಿಯೇ. ಅಲ್ಲಿ ಹೊಡೆತ ತಿಂದು ಬಿದ್ದವನ ಬಳಿ ಸಮಾರಿಯದವನು ನಿಂತ. ಅವನ ಕರುಣೆಯ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ನಾವು ಕೇಳಿದ್ದೇವೆ. ಇಂದು ಅವನ ಚೀಲದೊಳಗೆ ನೋಡೋಣ. ಅವನ ಬಳಿ ಎಣ್ಣೆ ಇತ್ತು, ದ್ರಾಕ್ಷಾರಸ ಇತ್ತು, ಗಾಯ ಕಟ್ಟಲು ಬಟ್ಟೆ ಇತ್ತು, ಸವಾರಿಯ ಪ್ರಾಣಿ ಇತ್ತು, ಎರಡು ನಾಣ್ಯಗಳಿದ್ದವು. ಅವನ್ನೆಲ್ಲ ತನ್ನ ಪ್ರಯಾಣಕ್ಕೆಂದೇ ಅವನು ಕಟ್ಟಿಕೊಂಡಿದ್ದು. ಒಂದೊಂದನ್ನೂ ಗುರುತಿಲ್ಲದ ಒಬ್ಬನಿಗಾಗಿ ಬಿಚ್ಚಿದ. ಅವನಿಗಿಂತ ಮೊದಲು ಆ ದಾರಿಯಲ್ಲಿ ಹೋದ ಯಾಜಕನ ಬಳಿಯೂ ಲೇವಿಯನ ಬಳಿಯೂ ಗಂಟು ಇದ್ದಿರಬೇಕಲ್ಲವೇ? ಅವರು ಬಿಚ್ಚಲಿಲ್ಲ.

ಹಾಗಾದರೆ ನಮ್ಮ ಗಂಟಿನ ನಿಜವಾದ ಪರೀಕ್ಷೆ ಇದು: ಅದರಲ್ಲಿ ಬೇರೆಯವರಿಗೆ ಏನಿದೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಗೆದ ಹತ್ತಿ ಬಟ್ಟೆ, ಒಂದು ಹೆಚ್ಚಿನ ಬಾಟಲಿ ನೀರು, ಒಂದು ಹೊದಿಕೆ, ಇವನ್ನು ಚೀಲದ ತಳದಲ್ಲಿ ಹೂಳದೆ ಕೈಗೆ ಸಿಗುವಂತೆ ಮೇಲೆ ಇಡಿ. ದಾರಿಯಲ್ಲಿ ಅಪಘಾತ ಕಂಡರೆ ನಿಲ್ಲಿ. ನಿಮ್ಮ ಬೈಕನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆಯಿಂದ ಎಷ್ಟೋ ಜನ ನಿಲ್ಲುವುದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಆ ಕಲಮಿನಲ್ಲಿ ಇಂಥವರನ್ನು ಹೆಸರಿಸಿರುವುದು ಹೇಗೆ ಗೊತ್ತೇ? ಗುಡ್ ಸಮಾರಿಟನ್, ಒಳ್ಳೆಯ ಸಮಾರಿಯದವನು ಎಂದು. ನಮ್ಮ ಸ್ವಾಮಿ ಹೇಳಿದ ಸಾಮತಿ ದೇಶದ ಕಾನೂನಿನ ಪುಟದಲ್ಲಿದೆ. ಅದು ನಮ್ಮ ನಡತೆಯಲ್ಲೂ ಇರಬೇಡವೇ?

ಹಬ್ಬದ ದಿನಗಳಲ್ಲಿ ಅದೇ ರಸ್ತೆಯ ಅಂಚಿನಲ್ಲಿ ಕಾವಿ ಬಟ್ಟೆ ತೊಟ್ಟು, ಬರಿಗಾಲಿನಲ್ಲಿ, ಜಪಮಾಲೆ ಹೇಳುತ್ತಾ ಗುಂಪುಗುಂಪಾಗಿ ಜನ ನಡೆದು ಹೋಗುತ್ತಿರುತ್ತಾರೆ. ನಮಗೆ ಒಂದೆರಡು ದಿನದ ದಾರಿ ಅವರಿಗೆ ಎಷ್ಟೋ ದಿನಗಳದು. ಅವರ ಹತ್ತಿರ ವೇಗ ತಗ್ಗಿಸಿ, ಕಣ್ಣಿಗೆ ಕುಕ್ಕುವ ದೀಪವನ್ನು ಇಳಿಸಿ, ಹಾರನ್ ಒತ್ತಿ ಬೆದರಿಸಬೇಡಿ. ಅವರೇ ಈ ಯಾತ್ರೆಯಲ್ಲಿ ನಮ್ಮ ಹಿರಿಯರು. ಅವರಲ್ಲಿ ಹೆಚ್ಚಿನವರ ಪ್ರಾರ್ಥನೆ ತಮಿಳಿನಲ್ಲಿ ಇರುತ್ತದೆ. ನಮ್ಮ ಧರ್ಮಕ್ಷೇತ್ರದಲ್ಲೂ ತಮಿಳು, ಮಲಯಾಳ, ಕನ್ನಡ, ಬಡಗ ಎಲ್ಲವೂ ಕೇಳುತ್ತವೆ. ನಮಗೆ ಆ ಮಾತು ಪರಕೀಯವಲ್ಲ. ಆದರೂ ನಿಮ್ಮ ಗಂಟಿನಲ್ಲಿ ಕನ್ನಡದ ಪ್ರಾರ್ಥನಾ ಪುಸ್ತಕವೊಂದು ಇರಲಿ. ಸಂತೆಗೂ ಕಚೇರಿಗೂ ಯಾವ ಭಾಷೆಯಾದರೂ ನಡೆದೀತು. ಮಾತೆಯ ಮುಂದೆ ಮನಸ್ಸು ಒಡೆದು ಅಳುವಾಗ ಅವ್ವ ಕಲಿಸಿದ ಮಾತೇ ಬಾಯಿಗೆ ಬರುತ್ತದೆ.

ಕೊನೆಯದಾಗಿ, ಚೀಲದಲ್ಲಿ ಸ್ವಲ್ಪ ಜಾಗ ಖಾಲಿ ಬಿಡಿ. ತೊಬಿತನ ಗ್ರಂಥದಲ್ಲಿ ಯುವಕ ತೊಬಿಯನು ದೂರದ ಊರಿಗೆ ಹೊರಡುತ್ತಾನೆ. ಜೊತೆಗಾರನಾಗಿ ಬಂದವನು ದೇವದೂತ ರಫಾಯೇಲನೆಂದು ಅವನಿಗೆ ಗೊತ್ತಿಲ್ಲ. ದಾರಿಯಲ್ಲಿ ನದಿಯ ಮೀನೊಂದು ಸಿಕ್ಕಾಗ, ದೂತನು ಹೇಳಿದಂತೆ ಅದರ ಪಿತ್ತವನ್ನು ತೆಗೆದು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಮನೆಗೆ ಮರಳಿ ಅದನ್ನು ಕುರುಡನಾಗಿದ್ದ ತಂದೆಯ ಕಣ್ಣಿಗೆ ಹಚ್ಚುತ್ತಾನೆ, ತಂದೆಗೆ ಕಣ್ಣು ಬರುತ್ತದೆ. ಅಷ್ಟು ದಿನವೂ ಅವನ ತಾಯಿ ಅನ್ನಳು ದಾರಿಯನ್ನೇ ನೋಡುತ್ತಾ ಕುಳಿತಿದ್ದಳು ಎಂದು ಅದೇ ಗ್ರಂಥ ಹೇಳುತ್ತದೆ. ನಮ್ಮ ಊರಿನಲ್ಲೂ ಹಾಸಿಗೆ ಹಿಡಿದ ಅಜ್ಜಿಯರಿದ್ದಾರೆ, ಹೊಲ ಬಿಟ್ಟು ಹೋಗಲಾರದವರಿದ್ದಾರೆ. ಅವರಿಗಾಗಿ ಒಂದು ಸೀಸೆ ಎಣ್ಣೆ ತನ್ನಿ, ಅವರ ಹೆಸರು ಹೇಳಿ ಒಂದು ಮೇಣದ ಬತ್ತಿ ಹಚ್ಚಿ ಬನ್ನಿ. ದಾರಿ ನೋಡುತ್ತಾ ಕುಳಿತ ಅವ್ವನಿಗೆ ಪ್ರತಿ ನಿಲುಗಡೆಯಲ್ಲೂ ಒಂದು ಫೋನ್ ಮಾಡಿ. ಅವಳಿಗೆ ಬೇಕಾದ ದೊಡ್ಡ ಪ್ರಸಾದವೆಂದರೆ ಗಾಯವಿಲ್ಲದೆ ಮರಳಿದ ಮಗ.

ಪ್ರಿಯರೇ, ಸಾಯುವ ಹೊತ್ತಿನಲ್ಲಿ ವಿಶ್ವಾಸಿಗೆ ಕೊಡುವ ಪರಮ ಪ್ರಸಾದಕ್ಕೆ ಧರ್ಮಸಭೆ ಲತೀನಿನಲ್ಲಿ ವಿಯಾಟಿಕುಮ್ ಎನ್ನುತ್ತದೆ. ಹಾಗೆಂದರೆ ದಾರಿಯ ಬುತ್ತಿ. ಬದುಕೆಲ್ಲ ಗಂಟು ಕಟ್ಟಿ ಗಂಟು ಬಿಚ್ಚಿದ ಮೇಲೆ, ಕಡೆಯ ಪ್ರಯಾಣಕ್ಕೆ ನಮ್ಮ ಜೊತೆ ಬರುವುದು ಆ ಒಂದು ತುತ್ತು. ಎಲೀಯನು ಬಳಲಿ ಮರದಡಿ ಮಲಗಿದಾಗ ದೇವದೂತನು ರೊಟ್ಟಿ, ನೀರು ತಂದಿಟ್ಟು ಎಬ್ಬಿಸಿದ. ಆ ಬಲದಿಂದ ಅವನು ನಲವತ್ತು ದಿನ ನಡೆದ. ಆದ್ದರಿಂದ ಹೊರಡುವ ಬೆಳಗ್ಗೆ ಬಲಿಪೂಜೆಗೆ ಬನ್ನಿ, ಪರಮ ಪ್ರಸಾದ ಸ್ವೀಕರಿಸಿ. ಬಲಿಪೂಜೆಯ ನಂತರ ಬೈಕುಗಳಿಗೆ ಆಶೀರ್ವಾದ ಮಾಡೋಣ. ಆ ತೀರ್ಥದ ಹನಿ ಬ್ರೇಕಿನ ಕೆಲಸ ಮಾಡುವುದಿಲ್ಲ. ಈ ಪ್ರಯಾಣ ದೇವರದ್ದು, ಈ ಪ್ರಾಣವೂ ದೇವರದ್ದು ಎಂದು ಅದು ನೆನಪಿಸುತ್ತದೆ.

ಪ್ರಾರ್ಥಿಸೋಣ: ದಾರಿಯೂ ಸತ್ಯವೂ ಜೀವವೂ ಆದ ಪ್ರಭುವೇ, ಹೊರಟಿರುವ ನಮ್ಮ ಮಕ್ಕಳ ಜೊತೆಗೆ ನಡೆಯಿರಿ. ಬೇಡವಾದದ್ದನ್ನು ಬಿಡುವ ಬುದ್ಧಿ, ಬೇಕಾದದ್ದನ್ನು ಒಯ್ಯುವ ಎಚ್ಚರ, ದಾರಿಯಲ್ಲಿ ಬಿದ್ದವರಿಗಾಗಿ ಗಂಟು ಬಿಚ್ಚುವ ಮನಸ್ಸು ಅವರಿಗೆ ಕೊಡಿರಿ. ಆರೋಗ್ಯಮಾತೆಯೇ, ಹೋದವರನ್ನು ಕ್ಷೇಮವಾಗಿ ಮನೆ ಸೇರಿಸಲು ನಮಗಾಗಿ ಪ್ರಾರ್ಥಿಸಿರಿ. ಆಮೆನ್.