ಪ್ರಗತಿಯನ್ನು ಎಳೆಯುವವರು ಯಾರು?

ಇಂಗ್ಲಿಷಿನಲ್ಲಿ ಪ್ರಗತಿಯ ಮಾತು ಬಂತೆಂದರೆ ಯಂತ್ರದ ಸದ್ದೂ ಕೇಳಿಸುತ್ತದೆ: ‘ಡ್ರೈವಿಂಗ್ ಫೋರ್ಸ್’, ‘ಎಂಜಿನ್ ಆಫ್ ಗ್ರೋತ್’, ‘ಗೇನಿಂಗ್ ಮೊಮೆಂಟಮ್’. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಹತ್ತಿದ ಕವಿ ಟೆನಿಸನ್, ಕತ್ತಲೆಯಲ್ಲಿ ಜನಜಂಗುಳಿಯ ನಡುವೆ ಗಾಲಿಗಳು ಕಾಣದೆ, ಅವು ತೋಡಿನೊಳಗೆ ಉರುಳುತ್ತವೆಂದು ಭಾವಿಸಿ, ತನ್ನ ಕವಿತೆಯಲ್ಲಿ ಜಗತ್ತಿನ ಬದಲಾವಣೆಯನ್ನೇ ಆ ತೋಡಿಗೆ ಇಳಿಸಿದ. 1850ರಲ್ಲಿ ಮಾರ್ಕ್ಸ್ ಕ್ರಾಂತಿಗಳನ್ನು ಇತಿಹಾಸದ ರೈಲು ಎಂಜಿನ್ನುಗಳೆಂದ. ಹಿಂದೆ ದೈವಸಂಕಲ್ಪ ಕೂತಿದ್ದ ಜಾಗದಲ್ಲಿ ಈಗ ಎಂಜಿನ್ ಕೂತಿತು. ಲೋಕ ತಾನಾಗಿ ಒಳಿತಿನತ್ತ ಸಾಗುತ್ತದೆಂಬ ಭರವಸೆ ಮಾತ್ರ ಹಾಗೇ ಉಳಿಯಿತು. ಆ ಭರವಸೆಗೆ ಆಧಾರವಿಲ್ಲ ಎಂಬುದು ನನ್ನ ವಾದ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದ ಕಥೆಯನ್ನೇ ನೋಡಿ. ಅದಕ್ಕಾಗಿ ಸಂಸತ್ತಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಮತ್ತವನ ಕ್ರೈಸ್ತ ಗೆಳೆಯರಿಗೆ ಅದು ದೇವರ ಕೆಲಸ. ಇತಿಹಾಸಕಾರ ಎರಿಕ್ ವಿಲಿಯಮ್ಸ್ 1944ರಲ್ಲಿ ಅದರ ಹಿಂದೆ ಬಂಡವಾಳದ ಲೆಕ್ಕಾಚಾರ ಕಂಡರು; ಗುಲಾಮರ ವ್ಯಾಪಾರ ಆಗಲೂ ಲಾಭದಲ್ಲೇ ಇತ್ತೆಂದು 1977ರಲ್ಲಿ ಇನ್ನೊಬ್ಬ ಇತಿಹಾಸಕಾರ ಸೀಮೋರ್ ಡ್ರೆಶರ್ ಅದನ್ನು ಅಲ್ಲಗಳೆದರು. ಇಬ್ಬರೂ ಜಾಣರು, ಜಗಳ ಇನ್ನೂ ಮುಗಿದಿಲ್ಲ. ಇವರೆಲ್ಲರ ನಡುವೆ ಜಮೈಕಾದ ಸ್ಯಾಮ್ಯುಯೆಲ್ ಶಾರ್ಪ್ ಇದ್ದಾನೆ. ತಾನೂ ಗುಲಾಮನಾಗಿದ್ದ ಈ ಬ್ಯಾಪ್ಟಿಸ್ಟ್ ಬೋಧಕ 1831ರ ಕ್ರಿಸ್‌ಮಸ್ ಮುಗಿದೊಡನೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲವೆಂದು ಜನರನ್ನು ಸಂಘಟಿಸಿದ. ಮುಷ್ಕರ ದಂಗೆಯಾಯಿತು, ತೋಟಗಳು ಉರಿದವು. 1832ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಮರುವರ್ಷ ರದ್ದತಿ ಕಾಯ್ದೆ ಬಂತು. ಅವನು ಹೊರಟದ್ದು ನಡೆಯುತ್ತಿದ್ದ ಕೆಲಸವನ್ನು ನಿಲ್ಲಿಸಲು. ಇದನ್ನು ಯಾವ ಎಂಜಿನ್ನಿನ ಲೆಕ್ಕಕ್ಕೆ ಬರೆಯೋಣ?

ಎಂಜಿನ್, ಮೊಮೆಂಟಮ್ ಎಂಬ ಮಾತುಗಳೆಲ್ಲ ಸವಕಲು ನುಡಿಗಟ್ಟುಗಳು, ಆಡುವವರಿಗೆ ರೈಲಿನ ನೆನಪೂ ಇರುವುದಿಲ್ಲ ಎನ್ನಬಹುದು. ನಿಜ. ಆದರೆ ‘ಪ್ರಗತಿಯ ನಾಗಾಲೋಟ’ ಎಂದ ಮೇಲೆ ನೆಲ ಕಳೆದುಕೊಂಡವನು ಅಡ್ಡ ಬಂದವನಂತೆ ಕಾಣುತ್ತಾನೆ. ಓಡಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವಿದೆ: ಚಾಲಕ ಶಕ್ತಿಯೇ ಇಲ್ಲವೆಂದರೆ ಇತಿಹಾಸಕ್ಕೆ ಕಾರಣಗಳೇ ಇಲ್ಲವೇ? ಬೇಕಾದಷ್ಟಿವೆ. ಸಕ್ಕರೆಯ ಬೆಲೆ, ಚರ್ಚಿನ ಪ್ರಾರ್ಥನೆ, ಸಂಸತ್ತಿಗೆ ಬಂದ ಮನವಿಗಳು, ಶಾರ್ಪನ ಮುಷ್ಕರ ಎಲ್ಲವೂ ಕಾರಣಗಳೇ. ಆದರೆ ಕಾರಣ ಆದದ್ದನ್ನು ವಿವರಿಸುತ್ತದೆ. ಮುಂದೆಯೂ ಒಳ್ಳೆಯದೇ ಆದೀತೆಂಬ ಮಾತು ಕೊಡುವುದಿಲ್ಲ. 1833ರ ಕಾಯ್ದೆಯೇ ನೋಡಿ: ಎರಡು ಕೋಟಿ ಪೌಂಡ್ ಪರಿಹಾರ ಹೋದದ್ದು ಯಜಮಾನರಿಗೆ. ಬಿಡುಗಡೆಯಾದವರಿಗೆ ಸಿಕ್ಕಿದ್ದು ‘ಅಪ್ರೆಂಟಿಸ್’ ಎಂಬ ಹೆಸರು ಮತ್ತು ಅದೇ ತೋಟದಲ್ಲಿ ಕೂಲಿಯಿಲ್ಲದ ದುಡಿಮೆ. ಅದೂ 1838ರಲ್ಲಿ ನಿಂತದ್ದು ಜನ ಮತ್ತೆ ತಿರುಗಿಬಿದ್ದ ಮೇಲೆಯೇ.